ಚಾವಣಿ ಇಲ್ಲದ ಕಾರನ್ನು ಬಿಗಿ ಮಾಡಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಬೇಕೆಂಬ ಆಸೆಯೂ ಅವಳಿಗೆ ಹುಟ್ಟಲಿಲ್ಲ. "ಒಳಗೆ ಕೂತವರಿಗೆ ರಸ್ತೆ ಕಾಣುತ್ತೆ, ಕಾರು ಕಾಣಲ್ಲ" ಅನ್ನುತ್ತಾಳೆ. ಆದರೆ ಅಪಘಾತವಾದ ಕಾರು ಗ್ಯಾರೇಜಿಗೆ ಬಂದರೆ, ಚಿಕ್ಕಮ್ಮ ಒಂದು ಸುತ್ತು ಹಾಕಿ ಅಂಗೈಯಿಂದ ಅಲ್ಲಲ್ಲಿ ಸವರಿ ನೋಡುವ ತನಕ ಯಾರೂ ಒಂದು ಬೋಲ್ಟನ್ನೂ ಬಿಚ್ಚುವುದಿಲ್ಲ. ಅವಳು ಅಲ್ಲಿನ ವೆಲ್ಡರ್. ನಾನು ಅದೇ ಗ್ಯಾರೇಜಿನ ಮುಂಬಾಗಿಲ ಮೇಜಿನಲ್ಲಿ ಕೂತು ಜಾಬ್ ಕಾರ್ಡ್ ಬರೆಯುವವಳು. ಹದಿನಾಲ್ಕು ವರ್ಷಗಳಿಂದ ನನ್ನ ಮೇಜಿಗೂ ಅವಳ ಜಾಗಕ್ಕೂ ನಡುವೆ ಒಂದು ಗಾಜಿನ ಗೋಡೆಯಷ್ಟೇ ಇದೆ. ಹಾಗಾಗಿ ಈ ಕಥೆಯನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ.

ಚಿಕ್ಕಮ್ಮ ಗಿಡ್ಡ ಆಳು. ಎರಡೂ ಮುಂಗೈಗಳ ಮೇಲೆ ಸಾಸಿವೆ ಸಿಡಿದ ಹಾಗೆ ಸಣ್ಣ ಸಣ್ಣ ಸುಟ್ಟ ಚುಕ್ಕೆಗಳು. ಕೆಲಸಕ್ಕೆ ಅವಳು ತೊಡುವ ದಪ್ಪ ನೀಲಿ ಕೋಟನ್ನು ಹೊಲಿದುಕೊಡುವವನು ಚಿಕ್ಕಪ್ಪ. ಅವನು ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಆ ಕೋಟಿಗೆ ಜೇಬೇ ಇಲ್ಲ. ಒಮ್ಮೆ ಜೇಬಿನೊಳಗೆ ಕಿಡಿ ಬಿದ್ದು ಕರ್ಚೀಫು ಹೊತ್ತಿಕೊಂಡಿತ್ತಂತೆ. ಅಂದಿನಿಂದ ಅವನು ಜೇಬಿಡುವುದನ್ನೇ ಬಿಟ್ಟ. "ನಿನಗೆ ಜೇಬು ಯಾಕೆ, ಇಟ್ಕೊಳ್ಳೋ ವಸ್ತುನೆಲ್ಲ ಎಲ್ಲೆಲ್ಲೋ ಮರೆತು ಬರ್ತೀಯಲ್ಲ" ಎಂದು ಈಗಲೂ ಕಾಲೆಳೆಯುತ್ತಾನೆ.

ಅವಳು ಕೆಲಸ ಕಲಿತದ್ದು ಬಸ್ಸಿಗೆ ಬಾಡಿ ಕಟ್ಟುವ ಒಂದು ಶೆಡ್ಡಿನಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಸೇರಿದಾಗ ಹೆಂಗಸರಿಗೆ ಗ್ರೈಂಡರ್ ಮಾತ್ರ ಕೊಡುತ್ತಿದ್ದರು. ಗಂಡಸರು ಬೆಸೆದ ಮೇಲೆ ಉಬ್ಬನ್ನು ಉಜ್ಜಿ ನುಣುಪು ಮಾಡುವುದಷ್ಟೇ ಅವರ ಪಾಲಿನ ಕೆಲಸ. ಬೇರೆಯವರ ಬೆಸುಗೆಯನ್ನು ಮೂರು ವರ್ಷ ಉಜ್ಜಿದ್ದರಿಂದಲೇ ಬೆಸುಗೆ ಎಲ್ಲಿ ಕೆಡುತ್ತದೆ ಎಂದು ತನಗೆ ತಿಳಿಯಿತು ಎನ್ನುತ್ತಾಳೆ. ಆ ಶೆಡ್ಡಿನಿಂದ ಹೊರಟ ಒಂದು ಮಾದರಿಯ ಬಸ್ಸುಗಳಲ್ಲಿ ಹಿಂದಿನಿಂದ ಎರಡನೇ ಕಿಟಕಿಯ ಗಾಜು ಪದೇ ಪದೇ ಬಿರುಕು ಬಿಡುತ್ತಿತ್ತು. ಮೇಸ್ತ್ರಿ ಗಾಜು ಮಾರಿದವನನ್ನು ಬೈದ, ಗಾಜು ಕೂರಿಸಿದವನನ್ನೂ ಬೈದ. ಚಿಕ್ಕಮ್ಮ ಒಂದು ಬಸ್ಸಿನೊಳಗೆ ಕೂತು ಇಡೀ ಮಧ್ಯಾಹ್ನ ಅದು ಹೋದಲ್ಲೆಲ್ಲ ಹೋಗಿ ಬಂದಳು. ಒಂದು ಚಕ್ರ ಹಳ್ಳಕ್ಕಿಳಿದಾಗ ಚೌಕಾಕಾರದ ಕಿಟಕಿ ಒಂದು ಕ್ಷಣ ಓರೆಯಾಗುತ್ತಿತ್ತು. "ಗಾಜು ಬಾಗಲ್ಲ, ಅದಕ್ಕೇ ಒಡೀತಿದೆ. ಮೂಲೆಗೆ ತ್ರಿಕೋನದ ತಗಡು ಹಾಕಿ" ಎಂದಳು. ಹಾಕಿದರು. ಗಾಜು ಒಡೆಯುವುದು ನಿಂತಿತು. ಮರುವಾರ ಮೇಸ್ತ್ರಿ ವೆಲ್ಡಿಂಗ್ ಮುಖವಾಡವನ್ನು ತಂದು ಅವಳ ಮುಂದೆ ಇಟ್ಟ.

ಆ ಶೆಡ್ಡು ಮುಚ್ಚಿದ ಮೇಲೆ ಅವಳು ನಮ್ಮ ಗ್ಯಾರೇಜಿಗೆ ಬಂದಳು. ನಾನು ಹೇಳಬೇಕೆಂದಿರುವುದು ಅವಳಿಗೆ ಐವತ್ತೆರಡು ವರ್ಷವಾಗಿದ್ದಾಗ ನಡೆದದ್ದು.

ಒಂದು ಬೆಳಿಗ್ಗೆ ಕಡುಹಸಿರು ಬಣ್ಣದ ಕಾರೊಂದು ಗುಡುಗುತ್ತಾ ಬಂದು ಅಂಗಳದಲ್ಲಿ ನಿಂತಿತು. ಎರಡೇ ಸೀಟು, ಮೇಲೆ ಮಡಚಿಡುವ ಬಟ್ಟೆಯ ಚಾವಣಿ, ಉದ್ದನೆಯ ಮೂತಿಯ ಒಳಗೆ ದೊಡ್ಡ ಎಂಜಿನ್. ಇಳಿದವರು ಹಲ್ಲಿನ ಡಾಕ್ಟರು, ನಮ್ಮ ಚಿಕ್ಕಮ್ಮನ ವಯಸ್ಸಿನ ಹೆಂಗಸು. ವಾರವೆಲ್ಲ ಜನರ ಬಾಯಿ ನೋಡುವ ಅವರು ರಜೆಯಲ್ಲಿ ಗುಡ್ಡದ ರಸ್ತೆಯ ಓಟಕ್ಕೆ ಹೋಗುತ್ತಿದ್ದರು. ಅದು ಒಬ್ಬರನ್ನೊಬ್ಬರು ಹಿಂದೆ ಹಾಕುವ ಓಟವಲ್ಲ. ಒಂದೊಂದೇ ಕಾರು ತಿರುವುಗಳ ರಸ್ತೆ ಹತ್ತಬೇಕು, ಕಡಿಮೆ ಸಮಯ ಹಿಡಿದವರು ಗೆದ್ದಂತೆ.

"ಏನಾಗಿದೆ ಮೇಡಂ?" ಎಂದು ಕೇಳಿದರು ನಮ್ಮ ಯಜಮಾನರು.

"ರಸ್ತೆ ಸ್ವಲ್ಪ ಕೆಟ್ಟಿದ್ರೆ ಸಾಕು, ಕನ್ನಡಿ ನಡುಗುತ್ತೆ. ಹಿಂದೆ ಬರೋ ಒಂದು ಲಾರಿ ಎರಡಾಗಿ ಕಾಣುತ್ತೆ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದ್ರೆ ಕಾರು ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ತಿರುಗುತ್ತೆ. ಬೇರೆ ಗ್ಯಾರೇಜಲ್ಲಿ ಗಟ್ಟಿ ಸ್ಪ್ರಿಂಗ್ ಹಾಕಿಸಿದೆ, ಇನ್ನೂ ಜಾಸ್ತಿ ಆಯ್ತು. ಚಾವಣಿ ಇಲ್ಲದ ಕಾರು ಅಂದ್ರೆ ಹೀಗೇ ಅಂತ ಎಲ್ಲರೂ ಕೈ ಚೆಲ್ಲಿದ್ರು."

ಚಿಕ್ಕಮ್ಮ ಜಾಕ್ ತಂದು ಮುಂದಿನ ಎಡಮೂಲೆಗೆ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿದಳು. "ಈಗ ಬಾಗಿಲು ತೆಗೀರಿ ಡಾಕ್ಟ್ರೇ."

ಸಲೀಸಾಗಿ ತೆಗೆಯುತ್ತಿದ್ದ ಬಾಗಿಲು ಈಗ ಕಿರುಗುಟ್ಟಿ, ಅಂಚು ಉಜ್ಜಿಕೊಂಡು ಹೊರಬಂತು. ಡಾಕ್ಟರು ಬಾಗಿಲನ್ನೂ ಚಿಕ್ಕಮ್ಮನನ್ನೂ ನೋಡಿ, "ಅಂದ್ರೆ ಹಲ್ಲು ಸರಿ ಇದೆ, ದವಡೆ ಸಡಿಲ" ಎಂದರು.

"ಅದೇ. ನೀವು ಸ್ಪ್ರಿಂಗ್ ಗಟ್ಟಿ ಮಾಡಿದ್ರಿ, ಏಟೆಲ್ಲ ನೇರ ಬಾಡಿಗೇ ಬಿತ್ತು."

ಜೇಬಿಲ್ಲದ ಚಿಕ್ಕಮ್ಮ ನನ್ನ ಮೇಜಿನ ಮೇಲಿದ್ದ ಬೆಂಕಿಪೊಟ್ಟಣ ತೆಗೆದುಕೊಂಡಳು. ಅದನ್ನು ಎರಡೂ ತುದಿ ಹಿಡಿದು ತಿರುಚಿದಳು, ಅಲುಗಲಿಲ್ಲ. ಒಳಗಿನ ತಟ್ಟೆಯನ್ನು ಹೊರತೆಗೆದು ಅದೊಂದನ್ನೇ ತಿರುಚಿದಾಗ ಅದು ಬಟ್ಟೆಯ ಹಾಗೆ ಹಿಂಡಿಕೊಂಡಿತು. "ಚಾವಣಿ ಇರೋ ಕಾರು ಪೂರ್ತಿ ಪೊಟ್ಟಣ. ನಿಮ್ಮದು ಬರೀ ತಟ್ಟೆ. ಮೇಲಿಂದ ಸಿಗ್ತಿದ್ದ ಬಲಾನ ಕೆಳಗಿಂದ ಕೊಡಬೇಕು."

"ಆಗುತ್ತಾ?"

"ದಪ್ಪ ಕಬ್ಬಿಣ ತುಂಬಿದ್ರೆ ಯಾರು ಬೇಕಾದ್ರೂ ಗಟ್ಟಿ ಮಾಡ್ತಾರೆ. ಆಮೇಲೆ ನಿಮ್ಮ ಕಾರು ಗುಡ್ಡ ಹತ್ತೋದು ಹೇಗೆ? ಮೂವತ್ತು ಕೇಜಿ ಒಳಗೆ ಮುಗಿಸ್ತೀನಿ. ಎರಡು ದಿನ ಯೋಚನೆ ಮಾಡೋಕೆ ಬಿಡಿ."

ಆ ಯೋಚನೆ ನಡೆದದ್ದು ಚಿಕ್ಕಪ್ಪನ ಕತ್ತರಿಸುವ ಮೇಜಿನ ಮೇಲೆ. ನಾನು ಸಂಜೆ ಹೋದಾಗ ಇಬ್ಬರೂ ರಟ್ಟು ಕತ್ತರಿಸುತ್ತಾ ಕೂತಿದ್ದರು. ಕಾರಿನ ಅಡಿಭಾಗ ಮೊಳದುದ್ದದ ರಟ್ಟಿನಲ್ಲಿ ಸಿದ್ಧವಾಗಿತ್ತು. ಚಿಕ್ಕಮ್ಮ ಅದಕ್ಕೆ ಒಂದು ಪಟ್ಟಿ ಅಂಟಿಸುವುದು, ತಿರುಚಿ ನೋಡುವುದು, ಬೇಡವೆನಿಸಿದರೆ ಕೀಳುವುದು, ಇನ್ನೊಂದು ಕಡೆ ಅಂಟಿಸುವುದು. ಚಿಕ್ಕಪ್ಪ ಸೀಮೆಸುಣ್ಣದಿಂದ ಗುರುತು ಹಾಕಿಕೊಡುತ್ತಿದ್ದ. ಒಂದು ಹಂತದಲ್ಲಿ ಅವಳು ನೆಲದ ಅಡಿಗೆ ಅಡ್ಡಡ್ಡ ಕತ್ತರಿಯಾಕಾರದಲ್ಲಿ ಎರಡು ಪಟ್ಟಿ ಹಾಕಿ ತಿರುಚಿದಳು. ರಟ್ಟು ಮಿಸುಕಲಿಲ್ಲ. "ಹಾ!" ಎಂದು ಇಬ್ಬರೂ ಒಟ್ಟಿಗೆ ಅಂದರು. ಚಿಕ್ಕಪ್ಪನಿಗೆ ಕಾರಿನ ಗಂಧಗಾಳಿಯೂ ಇಲ್ಲ, ಆದರೂ ಅವನ ಮುಖ ಅರಳಿದ್ದು ನೋಡಬೇಕಿತ್ತು.

ಕೊನೆಗೆ ಮೂರು ಕಡೆ ಬಲ ಕೊಡುವುದೆಂದು ತೀರ್ಮಾನವಾಯಿತು. ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಪೊಳ್ಳು ಪೆಟ್ಟಿಗೆಯಂಥ ಭಾಗವಿದೆ, ನಾವು ಅದನ್ನು ಹೊಸ್ತಿಲು ಎನ್ನುತ್ತೇವೆ. ಅದರೊಳಗೆ ಎರಡೂ ಕಡೆ ತೆಳು ಉಕ್ಕಿನ ಪಟ್ಟಿ. ನೆಲದ ಅಡಿಗೆ ಕೊಳವೆಗಳ ಕತ್ತರಿ. ಸೀಟಿನ ಹಿಂದೆ ಒಂದು ಅಡ್ಡಗೋಡೆ.

ಕೆಲಸಕ್ಕೆ ಮೊದಲು ಕಾರು ಎಷ್ಟು ತಿರುಚುತ್ತದೆ ಎಂದು ಅಳೆಯಬೇಕಿತ್ತು. ಹಿಂಭಾಗವನ್ನು ಸ್ಟ್ಯಾಂಡಿಗೆ ಬಿಗಿದರು. ಮುಂಭಾಗವನ್ನು ಒಂದು ಉದ್ದ ತೊಲೆಗೆ ಕಟ್ಟಿ, ತೊಲೆಯ ನಡುವನ್ನು ಮಾತ್ರ ಒಂದು ಗೂಟದ ಮೇಲೆ ನಿಲ್ಲಿಸಿದರು. ತೊಲೆಯ ತುದಿಗೆ ಭಾರ ಬೇಕು. ನಮ್ಮ ಪೇಂಟರನ್ನು ಎಲ್ಲರೂ ಬಣ್ಣದಣ್ಣ ಎನ್ನುತ್ತೇವೆ. ಅವನು ತೊಂಬತ್ತು ಕೇಜಿಯ ಆಸಾಮಿ.

"ಬಾರಪ್ಪ, ಕೂತ್ಕೋ" ಎಂದಳು ಚಿಕ್ಕಮ್ಮ.

"ಅಕ್ಕಾ, ನನ್ನನ್ನ ತೂಕದ ಕಲ್ಲು ಮಾಡ್ಬಿಟ್ರಲ್ಲ!"

"ಕೆಲಸ ಮುಗಿಯೋ ತನಕ ನೀನು ಸಣ್ಣಗಾಗೋ ಹಾಗಿಲ್ಲ, ದಪ್ಪಗಾಗೋ ಹಾಗೂ ಇಲ್ಲ. ಲೆಕ್ಕ ತಪ್ಪುತ್ತೆ."

ಅವನು ಕೂತ. ಮುಂದಿನ ಮೂಲೆಯ ಕೆಳಗಿಟ್ಟ, ಕೂದಲೆಳೆಯಷ್ಟು ಸರಿದರೂ ಅಳೆಯುವ ಡಯಲ್ ಗೇಜಿನ ಮುಳ್ಳು ಸರಿದು ಮೂರು ಮಿಲಿಮೀಟರಿಗೆ ನಿಂತಿತು. ಚಿಕ್ಕಮ್ಮ ಅದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, "ಇದನ್ನ ಅರ್ಧಕ್ಕೆ ಇಳಿಸಬೇಕು" ಎಂದಳು.

ಆ ವರ್ಷದ ಓಟಕ್ಕೆ ಮೂರು ವಾರವಷ್ಟೇ ಉಳಿದಿತ್ತು. ಸೀಟು, ಹಾಸು, ಪೆಟ್ರೋಲ್ ಟ್ಯಾಂಕು ಎಲ್ಲ ಬಿಚ್ಚಿದರು. ಬಿಚ್ಚಿದ್ದನ್ನೆಲ್ಲ ಡಬ್ಬಗಳಿಗೆ ತುಂಬಿ ಚೀಟಿ ಅಂಟಿಸಿದವಳು ನಾನೇ. ಚಿಕ್ಕಮ್ಮನಿಗೆ ಕಾರನ್ನು ನೆಲದ ಮೇಲೆ, ಚಕ್ರದ ಜಾಗಗಳಲ್ಲಿ ಆಧಾರ ಕೊಟ್ಟು ನಿಲ್ಲಿಸಿಕೊಂಡು ಬೆಸೆಯುವ ಮನಸ್ಸಿತ್ತು. ಆದರೆ ಯಜಮಾನರಿಗೆ ಅವಸರ. "ಲಿಫ್ಟ್ ಖಾಲಿ ಇದೆಯಲ್ಲಮ್ಮಾ, ಎತ್ತಿ ನಿಂತ್ಕೊಂಡೇ ಮಾಡು. ಮಲಗಿಕೊಂಡು ಮಾಡಿದ್ರೆ ಹದಿನೈದು ದಿನ ಹಿಡಿಯುತ್ತೆ." ಅವಳು ಒಂದು ಗಳಿಗೆ ಅನುಮಾನಿಸಿದಳು. ಸೊಂಟನೋವು ಬೇರೆ ಇತ್ತು. ಆಗಲಿ ಎಂದಳು. ಲಿಫ್ಟಿನ ಕೈಗಳು ಕಾರನ್ನು ನಡುಭಾಗದಲ್ಲಿ ಹಿಡಿದು ಎತ್ತಿದವು. ಐದು ದಿನದಲ್ಲಿ ಹೊಸ್ತಿಲಿನ ಕೆಲಸ ಮುಗಿಯಿತು. ಬೆಸುಗೆಯಂತೂ ಜಡೆ ಹೆಣೆದ ಹಾಗೆ ಬಂದಿತ್ತು.

ಆರನೇ ದಿನ ಕಾರನ್ನು ನೆಲಕ್ಕಿಳಿಸಿ ಬಾಗಿಲು ಹಾಕಿದರೆ ಲಾಕು ಕೂರಲಿಲ್ಲ. ಇನ್ನೊಮ್ಮೆ ಹಾಕಿದರು, ಇನ್ನೊಮ್ಮೆ. ಬಾಗಿಲ ಹಿಂದಿನ ಅಂಚಿನಲ್ಲಿ ಸಂದು ಕೆಳಗೆ ಸರಿಯಾಗಿತ್ತು, ಮೇಲೆ ಬಾಯಿಬಿಟ್ಟಿತ್ತು. ಎರಡೂ ಬಾಗಿಲುಗಳದ್ದು ಅದೇ ಕಥೆ. ಚಿಕ್ಕಮ್ಮ ಮಂಡಿಯೂರಿ ಕೂತು ಆ ಸಂದನ್ನು ಬಹಳ ಹೊತ್ತು ನೋಡಿದಳು.

"ನಡುವಿನಲ್ಲಿ ಹಿಡಿದು ಎತ್ತಿದಾಗ ಮುಂದೆ ಎಂಜಿನ್ನು, ಹಿಂದೆ ಡಿಕ್ಕಿ, ಎರಡೂ ಕೆಳಗೆ ಜೋತುಬಿದ್ದಿವೆ. ಜೋತಿದ್ದ ಹಾಗೇ ನಾನು ಬೆಸೆದುಬಿಟ್ಟೆ" ಎಂದಳು. "ಈ ಕಾರಿಗೆ ಗೂನುಬೆನ್ನು ಬಂತು."

ಯಜಮಾನರು ಬಗ್ಗಿ ನೋಡಿದರು. "ಎಷ್ಟು ವ್ಯತ್ಯಾಸ? ಎರಡು ಮಿಲಿಮೀಟರ್ ಇರಬಹುದಾ? ಬಾಗಿಲ ಕೀಲಿನ ಅಡಿಗೆ ಒಂದು ತಗಡು ಇಟ್ಟು, ಲಾಕಿನ ಕೊಂಡಿ ಸ್ವಲ್ಪ ಸರಿಸಿದ್ರೆ ಮುಗೀತು. ಬಾಗಿಲು ಹಾಕ್ಕೊಳ್ಳುತ್ತೆ. ಯಾರಿಗೂ ಗೊತ್ತಾಗಲ್ಲ."

"ಬಾಗಿಲು ಹಾಕ್ಕೊಳ್ಳುತ್ತೆ. ಗೂನು ಹಾಗೇ ಇರುತ್ತೆ. ಚಕ್ರ ಎಲ್ಲಿ ಕೂರಬೇಕೋ ಅಲ್ಲಿ ಕೂರಲ್ಲ. ಆ ಹೆಂಗಸು ಇದರಲ್ಲಿ ತಿರುವು ಹತ್ತೋದು."

"ಲಿಫ್ಟ್ ಮೇಲೆ ಮಾಡು ಅಂದಿದ್ದು ನಾನೇ, ಒಪ್ಕೋತೀನಿ. ಆದ್ರೆ ಈಗ ಎಲ್ಲಾ ಬಿಚ್ಚು ಅಂದ್ರೆ..."

"ನೀವು ಹೇಳಿದ್ರಿ ನಿಜ. ವೆಲ್ಡಿಂಗ್ ಟಾರ್ಚ್ ಹಿಡ್ಕೊಂಡಿದ್ದ ಕೈ ಯಾರದ್ದು?"

ಯಜಮಾನರು ಕೆಟ್ಟವರೇನಲ್ಲ. ತಲೆ ಕೆರೆದುಕೊಂಡು ಒಳಗೆ ಹೋದರು.

ಅವತ್ತು ಸಂಜೆ ನಾನು ಚಿಕ್ಕಮ್ಮನ ಜೊತೆಗೇ ಅವಳ ಮನೆಗೆ ಹೋದೆ. ಚಿಕ್ಕಪ್ಪ ಯಾರದೋ ಕೋಟಿನ ಭುಜ ಬಿಚ್ಚುತ್ತಾ ಕೂತಿದ್ದ. ಅವಳು ನಡೆದದ್ದೆಲ್ಲ ಹೇಳಿ, "ಮೂವತ್ತು ವರ್ಷದ ಮೇಲೆ ಇಂಥ ತಪ್ಪು ಮಾಡಿದೆ ನೋಡ್ರೀ. ನಾಳೆ ಯಾವ ಮುಖ ಇಟ್ಕೊಂಡು ಹೋಗಲಿ?" ಎಂದಳು.

ಚಿಕ್ಕಪ್ಪ ದಾರದ ತುಂಡುಗಳನ್ನು ಮಡಿಲಿಂದ ಕೊಡವಿದ. "ಇದು ನಾನೇ ಹೊಲಿದ ಭುಜ. ಮೊನ್ನೆ ಹೊಲಿದೆ, ಇವತ್ತು ಬಿಚ್ಚುತಾ ಇದೀನಿ. ಮೂವತ್ತೈದು ವರ್ಷದಿಂದ ವಾರಕ್ಕೊಂದಾದ್ರೂ ಬಿಚ್ಚಿದೀನಿ. ನನ್ನ ಮುಖ ಚೆನ್ನಾಗೇ ಇದೆಯಲ್ಲ?"

"ಅಷ್ಟೇನೂ ಚೆನ್ನಾಗಿಲ್ಲ" ಎಂದಳು ಚಿಕ್ಕಮ್ಮ. ಮೂವರೂ ನಕ್ಕೆವು. ಅವಳು ಅವತ್ತು ನಕ್ಕದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಅವಳು ಯಜಮಾನರನ್ನು ಕಾಯದೆ ನನ್ನ ಮೇಜಿನ ಫೋನಿನಿಂದಲೇ ಡಾಕ್ಟರಿಗೆ ಹಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ.

"ಡಾಕ್ಟ್ರೇ, ನಾನು ವೆಲ್ಡರ್. ನಿಮ್ಮ ಕಾರನ್ನ ನಾನು ತಪ್ಪಾಗಿ ಬೆಸೆದಿದೀನಿ. ಮಾಡಿದ್ದೆಲ್ಲ ಕತ್ತರಿಸಿ ತೆಗೆದು ಮೊದಲಿಂದ ಮಾಡಬೇಕು. ನಿಮ್ಮ ಓಟ ತಪ್ಪುತ್ತೆ. ಹೀಗೇ ಕೊಟ್ರೆ ನಿಮಗೆ ಗೊತ್ತೂ ಆಗ್ತಿರಲಿಲ್ಲ, ಆದ್ರೆ ನನಗೆ ಗೊತ್ತಲ್ಲ."

ಆ ಕಡೆಯಿಂದ ಡಾಕ್ಟರ ದನಿ ನನಗೂ ಕೇಳುವಷ್ಟು ಸ್ಪಷ್ಟವಾಗಿ ಬಂತು. "ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಬ್ಬರ ಪಕ್ಕದ ಹಲ್ಲು ಕಿತ್ತುಬಿಟ್ಟಿದ್ದೆ, ವೆಲ್ಡರಮ್ಮ. ಎರಡೂ ಕೆಟ್ಟಿತ್ತು ಅಂತ ಸುಳ್ಳು ಹೇಳಿದೆ. ಅವರು ಥ್ಯಾಂಕ್ಸ್ ಹೇಳಿ ಹೋದ್ರು. ಇವತ್ತಿಗೂ ಆ ಥ್ಯಾಂಕ್ಸ್ ನನ್ನ ಕಿವೀಲಿದೆ." ಕೊನೆಗೆ, "ಓಟ ಮುಂದಿನ ವರ್ಷನೂ ಇರುತ್ತೆ. ನೀವು ನಿಧಾನವಾಗಿ ಮಾಡಿ" ಎಂದರು.

ಚಿಕ್ಕಮ್ಮ ಫೋನಿಟ್ಟು ಸೀದಾ ಗ್ರೈಂಡರ್ ಕೈಗೆತ್ತಿಕೊಂಡಳು. ತನ್ನದೇ ಬೆಸುಗೆಯನ್ನು ಇಂಚಿಂಚಾಗಿ ಕೊರೆದು ತೆಗೆಯಲು ನಾಲ್ಕು ದಿನ ಹಿಡಿಯಿತು. ಚೆನ್ನಾಗಿ ಹಿಡಿದ ಬೆಸುಗೆ ಬಿಡಿಸಿಕೊಳ್ಳಲು ಒಪ್ಪುವುದಿಲ್ಲ. "ಇಷ್ಟು ಚೆನ್ನಾಗಿ ಯಾಕೆ ಹಾಕಿದ್ರಿ ಅಕ್ಕಾ?" ಎಂದು ಬಣ್ಣದಣ್ಣ ರೇಗಿಸಿದ. ಉತ್ತರವಾಗಿ ಅವನ ಕಡೆಗೆ ಕಿಡಿಗಳ ಒಂದು ರಾಶಿಯೇ ಹಾರಿತು.

ಎರಡನೇ ಸಲ ಅವಳು ಯಾರ ಮಾತನ್ನೂ ಕೇಳಲಿಲ್ಲ. ಕಾರನ್ನು ನೆಲದ ಮೇಲೆ, ಅದು ರಸ್ತೆಯಲ್ಲಿ ನಿಲ್ಲುವ ಹಾಗೆಯೇ ನಿಲ್ಲಿಸಿದಳು. ಇಬ್ಬರು ಕೂತ ಭಾರಕ್ಕೆ ಸೀಟಿನ ಜಾಗದಲ್ಲಿ ಮರಳಿನ ಚೀಲ, ತುಂಬಿದ ಟ್ಯಾಂಕಿನ ಭಾರಕ್ಕೆ ಹಿಂದೆ ಇನ್ನೆರಡು ಚೀಲ. ಬಾಗಿಲ ಸಂದು ಎಲ್ಲ ಕಡೆ ಒಂದೇ ಸಮ ಬಂದ ಮೇಲೆ, ಬಾಗಿಲು ಕಳಚಿ ಆ ತೆರೆದ ಜಾಗಕ್ಕೆ ಅಡ್ಡಲಾಗಿ ಕಂಬಿ ಬಿಗಿದು ಅದೇ ಅಳತೆಯನ್ನು ಹಿಡಿದಿಟ್ಟಳು. ಹೊಸ ಪಟ್ಟಿಗಳನ್ನು ಮೊದಲು ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿ ಅಳತೆ ನೋಡಿದಳು. ಆಮೇಲೆ ಎಡಗಡೆ ಎರಡು ಬೆರಳಿನಷ್ಟು, ಎದ್ದು ಆಚೆ ಹೋಗಿ ಬಲಗಡೆ ಎರಡು ಬೆರಳಿನಷ್ಟು. ಒಂದೇ ಕಡೆ ಉದ್ದಕ್ಕೆ ಬೆಸೆದರೆ ಕಾವಿಗೆ ಲೋಹ ಎಳೆದುಕೊಂಡು ಸೊಟ್ಟಗಾಗುತ್ತದೆ. ಹಾಗಾಗಿ ಪ್ರತಿ ತುಂಡೂ ಕೈಯಿಟ್ಟರೆ ಸುಡದಷ್ಟು ಆರುವ ತನಕ ಕಾದಳು. ಕಾಯುವಾಗ ಮುಖವಾಡವನ್ನು ಹಣೆಯ ಮೇಲಕ್ಕೆತ್ತಿ, ಗೋಡೆಗೊರಗಿ, ಸೊಂಟವನ್ನು ಮುಷ್ಟಿಯಿಂದ ಗುದ್ದಿಕೊಳ್ಳುತ್ತಿದ್ದಳು. ದಿನಕ್ಕೆ ಒಂದು ಮೊಳ ಮುಗಿದರೆ ಹೆಚ್ಚು. ಯಜಮಾನರು ದಿನಕ್ಕೆರಡು ಬಾರಿ ತಾವೇ ಚಹಾ ತಂದು ಅವಳ ಪಕ್ಕದಲ್ಲಿಟ್ಟು ಹೋಗುತ್ತಿದ್ದರು.

ಹೊಸ್ತಿಲು ಮುಗಿದಾಗ ಬಣ್ಣದಣ್ಣ ತೊಲೆಯ ಮೇಲೆ ಕೂತ. ಎರಡೂಕಾಲು. ನೆಲದಡಿಯ ಕತ್ತರಿ ಬಿದ್ದ ಮೇಲೆ ಮತ್ತೆ ಕೂತ. ಒಂದು ಮುಕ್ಕಾಲು. ಅಡ್ಡಗೋಡೆಯೂ ನಿಂತ ಮೇಲೆ ಗ್ಯಾರೇಜಿನವರೆಲ್ಲ ಕೆಲಸ ಬಿಟ್ಟು ಬಂದು ಸುತ್ತುವರಿದರು. ಬಣ್ಣದಣ್ಣ ಗಾಜಿನ ಕುರ್ಚಿಯ ಮೇಲೆ ಕೂರುವವನಂತೆ ಮೆಲ್ಲಗೆ ಕೂತು ಕಣ್ಣು ಮುಚ್ಚಿಕೊಂಡ. ಮುಳ್ಳು ಒಂದೂವರೆ ದಾಟದೆ, ಕೂದಲೆಳೆಯಷ್ಟು ಹಿಂದೆಯೇ ನಿಂತಿತು. ಸೇರಿಸಿದ ಲೋಹದ ತೂಕ ಇಪ್ಪತ್ತೆಂಟು ಕೇಜಿ.

"ಅಕ್ಕಾ, ಇನ್ನು ನಾನು ದಪ್ಪಗಾಗಬಹುದಾ?" ಎಂದ ಬಣ್ಣದಣ್ಣ.

ಚಿಕ್ಕಮ್ಮ ಗೋಡೆಯ ಮೇಲೆ ಸಂಖ್ಯೆ ಬರೆದು, ಕೈಗವಸು ತೆಗೆದು, ಮೂಲೆಯ ನಲ್ಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡಳು.

ಕಾರು ಮತ್ತೆ ಜೋಡಣೆಯಾದ ದಿನ ಡಾಕ್ಟರು ಬಂದು, "ಪಕ್ಕದಲ್ಲಿ ನೀವೇ ಕೂರಬೇಕು" ಎಂದು ಹಟ ಹಿಡಿದರು. ಕಲ್ಲುಗಣಿಯ ಕಡೆಗೆ ಹೋಗುವ ಹಳ್ಳದಿಣ್ಣೆಯ ರಸ್ತೆಗೆ ಹೋದರು. ಒಂದು ಗಂಟೆಯ ಮೇಲೆ ತಿರುಗಿ ಬಂದಾಗ ಇಬ್ಬರ ತಲೆಯೂ ಕಾಗೆಗೂಡು. ಡಾಕ್ಟರು ಇಳಿದವರೇ ಯಜಮಾನರ ಕೈ ಹಿಡಿದು ಕುಲುಕಿದರು. "ಕನ್ನಡೀಲಿ ಲಾರಿಯ ನಂಬರ್ ಓದಿದೆ ಕಣ್ರೀ! ತಿರುಗಿಸಿದ ತಕ್ಷಣ ತಿರುಗುತ್ತೆ. ಯೋಚನೆ ಮಾಡೋದು ಬಿಟ್ಟಿದೆ."

ಚಿಕ್ಕಮ್ಮ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಇಳಿದಳು. "ಬಲಗಡೆ ಹಿಂದೆ ಎಲ್ಲೋ ಟಿಕ್ ಅಂತಿದೆ."

"ನನಗೇನೂ ಕೇಳಲಿಲ್ಲವಲ್ಲ?"

"ನಿಮಗೆ ಎಂಜಿನ್ ಕೇಳ್ತಿತ್ತು."

ಹಾಸು ಎತ್ತಿ ನೋಡಿದರೆ ಒಂದು ವೈರಿನ ಕ್ಲಿಪ್ಪು ಅಡ್ಡಗೋಡೆಗೆ ತಾಗುತ್ತಿತ್ತು. ಅದನ್ನು ಸರಿಸಿದ ಮೇಲೆಯೇ ಅವಳು ಕೀಲಿಕೈ ಕೊಟ್ಟದ್ದು.

ಮರುವರ್ಷದ ಓಟಕ್ಕೆ ಡಾಕ್ಟರು ನಮ್ಮನ್ನೆಲ್ಲ ಕರೆದರು. ಚಿಕ್ಕಪ್ಪ ಅಂಗಡಿಗೆ ರಜೆ ಹಾಕಿ ಬಂದ. ಕೊನೆಯ ತಿರುವಿನ ಹತ್ತಿರ, ತಡೆಗೋಡೆಯ ಹಿಂದೆ ನಿಂತೆವು. ಅಲ್ಲಿ ರಸ್ತೆಗೆ ಒಂದು ಉಬ್ಬಿದೆ. ತಿರುಗುತ್ತಿರುವಾಗಲೇ ಒಂದು ಚಕ್ರ ಅದರ ಮೇಲೆ ಹತ್ತುತ್ತದೆ. ಹಸಿರು ಕಾರು ಕೂಗುತ್ತಾ ಬಂತು, ಉಬ್ಬು ಹತ್ತಿತು, ಇಳಿಯಿತು, ಗೀಟು ಎಳೆದ ಹಾಗೆ ತಿರುಗಿ ಮೇಲೆ ಹೋಯಿತು. ಇಪ್ಪತ್ತಾರು ಕಾರುಗಳಲ್ಲಿ ಡಾಕ್ಟರಿಗೆ ನಾಲ್ಕನೆಯ ಸ್ಥಾನ ಸಿಕ್ಕಿತು. ಅವರ ಹಳೆಯ ಸಮಯಕ್ಕಿಂತ ಏಳು ಸೆಕೆಂಡು ಕಡಿಮೆ.

"ಹೇಗಿತ್ತು ನನ್ನ ಓಟ?" ಎಂದು ಹೆಲ್ಮೆಟ್ ಕೈಯಲ್ಲಿ ಹಿಡಿದು ಓಡಿಬಂದರು.

"ಗೊತ್ತಿಲ್ಲ ಡಾಕ್ಟ್ರೇ" ಎಂದಳು ಚಿಕ್ಕಮ್ಮ. "ನಾನು ಬಾಗಿಲಿನ ಸಂದು ನೋಡ್ತಿದ್ದೆ. ಒಂದು ಚೂರೂ ಅಲುಗಲಿಲ್ಲ."

ಆ ಸುದ್ದಿ ಹಬ್ಬಿ ಬೇರೆ ಬೇರೆ ಕಡೆಗಳಿಂದ ಚಾವಣಿಯಿಲ್ಲದ ಕಾರುಗಳು ಬರತೊಡಗಿದವು. ಈವರೆಗೆ ಹದಿನೇಳು ಆಗಿವೆ. ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಕೊಂಡು ಬಂದು, ಕತ್ತರಿ ಕೊಳವೆಗಳನ್ನು ಇವಳು ಎಲ್ಲಿ ಸೇರಿಸಿದ್ದಳೋ ಹೆಚ್ಚುಕಡಿಮೆ ಅಲ್ಲೇ ತಮ್ಮ ಲೆಕ್ಕವೂ ಸೇರಿಸಿತು ಎಂದು ತೋರಿಸಿದರು. "ನೀವು ಯಾವ ಸೂತ್ರ ಬಳಸಿದ್ರಿ?" ಎಂದು ಕೇಳಿದರು. ಚಿಕ್ಕಮ್ಮ ರಟ್ಟಿನ ಮಾದರಿ ತಂದು ಅವರ ಕೈಯಲ್ಲಿಟ್ಟು, "ತಿರುಚಿ ನೋಡಿ" ಎಂದಳು. ಅದೀಗ ಅವರ ತರಗತಿಯಲ್ಲಿದೆ.

ಚಿಕ್ಕಮ್ಮನಿಗೆ ಈಗ ಅರವತ್ತೊಂದು. ಮುಖವಾಡದೊಳಗೆ ಕನ್ನಡಕ ಬಂದಿದೆ, ಮಲಗಿ ಮಾಡುವ ಕೆಲಸವನ್ನು ಇಬ್ಬರು ಹೊಸ ವೆಲ್ಡರುಗಳಿಗೆ ಬಿಟ್ಟಿದ್ದಾಳೆ. ಅವರಿಗೆ ಕೆಲಸ ಕಲಿಸುವಾಗ ಅವಳು ಮೊದಲು ಹೇಳುವುದು ಡಾಕ್ಟರ ಕಾರನ್ನು ತಾನು ಹೇಗೆ ಕೆಡಿಸಿದೆ ಎಂಬುದನ್ನು. ನಿಂತದ್ದೆಲ್ಲಿ, ಟಾರ್ಚ್ ಹಿಡಿದದ್ದು ಹೇಗೆ, ಅನುಮಾನ ಬಂದರೂ ಸುಮ್ಮನಾದದ್ದು ಯಾವಾಗ, ಒಂದನ್ನೂ ಬಿಡುವುದಿಲ್ಲ. ಸರಿ ಮಾಡಿದ ಭಾಗವನ್ನು ಕೇಳಬೇಕೆಂದರೆ ಅವರು ನನ್ನ ಮೇಜಿಗೇ ಬರಬೇಕು. ಮೊನ್ನೆ ಅವರಲ್ಲೊಬ್ಬಳು ಬಂದು ಕೇಳಿದಳು. ನಾನು ಪೆನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಟ್ಟು, ಮೊದಲಿಂದ ಹೇಳಿದೆ.